ಜಠರವ್ರಣದ ಶೀತಚಿಕಿತ್ಸೆಯೂ ಅದರ ಪರೀಕ್ಷೆಯೂ



ಜಠರವ್ರಣದಿಂದ ನರಳುವವನಿಗೆ ರಾತ್ರಿಯ ನಿದ್ರೆಯೂ ದುರ್ಲಭ. ಹೊಟ್ಟೆಯನ್ನು ಕೊಯ್ಯದೆಯೇ ಗುಣಪಡಿಸುವೆವೆಂದು ಯಾರಾದರೂ ನುಡಿದರೆ ಅಂಥವನು ಅತ್ತ ಧಾವಿಸುವುದು ಸಹಜವೇ ಸರಿ. ಆದರೆ ಗುಣವಾಯಿತೆಂಬ ಮಾತು ಬೇರೆ. ಆ ಚಿಕಿತ್ಸೆಯಿಂದಲೇ ಗುಣವಾಯಿತೆಂಬ ನಿಶ್ಚಯ ಬೇರೆ. ಅಮೆರಿಕಾ ದೇಶದಲ್ಲಿ ನಡೆದ ಒಂದು ವೃತ್ತಾಂತವು ಇದಕ್ಕೆ ಉತ್ತಮ ನಿದರ್ಶನವಾಗಿರುವುದು.

ಮಿನ್ನೆಸೋಟಾ ವಿಶ್ವವಿದ್ಯಾನಿಲಯದ ಓವೆನ್ ವ್ಯಾಂಗನ್‌ಸ್ಟೀನ್ ಎಂಬವರು ಜಗತ್ಪ್ರಸಿದ್ಧ ಶಸ್ತ್ರವೈದ್ಯರಾಗಿದ್ದರು. ಆಮ್ಲರಸವು ವ್ರಣವನ್ನು ಕೆರಳಿಸುವುದಷ್ಟೆ. ಆ ರಸವನ್ನು ಸ್ರವಿಸುವ ಒಳಪದರವನ್ನೇ ಹೆಪ್ಪುಗಟ್ಟುವಂತೆ ತಣಿಸಿದರೆ ಸ್ರಾವವು ಅಡಗುವುದೆಂದು ಅವರು ತರ್ಕಿಸಿದರು. ರೋಗಿಯು ಒಂದು ಬೆಲೂನನ್ನು ನುಂಗಬೇಕು; ಕೊಳವೆಯ ಮೂಲಕ ಅತಿಶೀತಲವಾದ ಮದ್ಯಸಾರವು ಅದರೊಳಗೆ ಸುಮಾರು ಒಂದು ಗಂಟೆಯ ಕಾಲ ಹರಿದಾಡುವುದು. 1962ರಲ್ಲಿ ಈ ವಿಧಾನವು ಪ್ರಕಟವಾಯಿತು. ನೋವು ಶಮನವಾಯಿತೆಂದು ರೋಗಿಗಳು ಹೇಳಿದರು. ಆಸ್ಪತ್ರೆಗಳು ಯಂತ್ರಗಳನ್ನು ಕೊಂಡವು. ಸಾವಿರಾರು ಜನರು ಚಿಕಿತ್ಸೆ ಪಡೆದರು. ಕೆಲವರಲ್ಲಿ ರಕ್ತಸ್ರಾವವುಂಟಾಯಿತು, ಮತ್ತೆ ಕೆಲವರ ಜಠರದಲ್ಲಿ ಹೊಸ ವ್ರಣಗಳೇ ಕಾಣಿಸಿಕೊಂಡವು.

ಆಗ ಹಲವು ಆಸ್ಪತ್ರೆಗಳ ವೈದ್ಯರು ಕೂಡಿ ಸತ್ಯಶೋಧನೆಗೆ ತೊಡಗಿದರು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ವ್ರಣವಿದ್ದ 160 ರೋಗಿಗಳನ್ನು, ಯಾರ ಇಚ್ಛೆಗೂ ಎಡೆಗೊಡದೆ, ಎರಡು ಪಂಗಡಗಳಾಗಿ ವಿಂಗಡಿಸಿದರು. 82 ಮಂದಿಗೆ ನಿಜವಾದ ಶೀತಚಿಕಿತ್ಸೆ. ಉಳಿದ 78 ಮಂದಿಗೆ ಅದೇ ಬೆಲೂನು, ಅದೇ ಕೊಳವೆ. ಆದರೆ ಜಠರವು ಮಾತ್ರ ತಣ್ಣಗಾಗದಂತೆ ಏರ್ಪಾಡು. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ತಿಳಿಯದು, ಫಲವನ್ನು ಅಳೆಯುವ ವೈದ್ಯನಿಗೂ ತಿಳಿಯದು.

1969ರಲ್ಲಿ ಫಲಿತಾಂಶವು ಹೊರಬಿದ್ದಿತು. ನಿಜವಾದ ಚಿಕಿತ್ಸೆ ಪಡೆದವರಲ್ಲಿ 28 ಮಂದಿ, ಎಂದರೆ ನೂರಕ್ಕೆ 34ರಷ್ಟು, ಸುಧಾರಿಸಿದ್ದರು. ಹುಸಿಚಿಕಿತ್ಸೆ ಪಡೆದವರಲ್ಲಿ 30 ಮಂದಿ, ಎಂದರೆ ನೂರಕ್ಕೆ 38ರಷ್ಟು! ಈ ರೋಗವು ತಾನಾಗಿ ಏರಿಳಿಯುವಂಥದು; ವೈದ್ಯನಲ್ಲಿಟ್ಟ ನಂಬಿಕೆಯೂ ನೋವನ್ನು ತಗ್ಗಿಸಬಲ್ಲುದು. ಹೀಗಾಗಿ ರೋಗಿಗಳು ಸುಳ್ಳಾಡಿರಲಿಲ್ಲ, ವೈದ್ಯರು ವಂಚಿಸಿರಲಿಲ್ಲ; ಹೋಲಿಸಿ ನೋಡುವ ಇನ್ನೊಂದು ಪಂಗಡವು ಮೊದಲು ಇರಲಿಲ್ಲವೆಂಬುದೇ ಕೊರತೆ. ಆ 78 ಮಂದಿ ಫಲವಿಲ್ಲದ ಕೊಳವೆಯನ್ನು ನುಂಗಿದರೆಂದು ಮರುಗುವವರು, ಪರೀಕ್ಷೆಯಿಲ್ಲದೆ ಅದನ್ನು ನುಂಗಿದ ಸಾವಿರಾರು ಜನರನ್ನೂ ನೆನೆಯಬೇಕು.

ಮುಂದೆ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬವರು ಇಂತಹ ಅನೇಕ ವ್ರಣಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣುವೇ ಕಾರಣವೆಂದು ತೋರಿಸಿ 2005ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಕೆಲವು ನೋವುನಿವಾರಕ ಗುಳಿಗೆಗಳೂ ವ್ರಣಕ್ಕೆ ಕಾರಣವಾಗುವುವು. ಸೂಕ್ಷ್ಮಾಣುವಿರುವಲ್ಲಿ ಕೆಲವು ದಿನಗಳ ಔಷಧವೇ ಇಂದು ಸಾಕಾಗುವುದು. ಅದಕ್ಕೂ ಮೊದಲು ತಕ್ಕ ಪರೀಕ್ಷೆ ಆಗಬೇಕು.

ಆದುದರಿಂದ ಹೊಸ ಚಿಕಿತ್ಸೆಯ ಕೀರ್ತಿಯನ್ನು ಕೇಳಿದಾಗ, ಎಷ್ಟು ಮಂದಿಗೆ ಗುಣವಾಯಿತೆಂದು ಮಾತ್ರವಲ್ಲದೆ, ಅದನ್ನು ಪಡೆಯದವರಲ್ಲಿ ಎಷ್ಟು ಮಂದಿಗೆ ಗುಣವಾಯಿತೆಂದೂ ಕೇಳುವುದು ವಿವೇಕಿಗಳ ಲಕ್ಷಣ. ಪ್ರಸಿದ್ಧರ ಮಾತಾದರೂ ಒರೆಗಲ್ಲಿಗೆ ಹಚ್ಚಿದ ಮೇಲೆಯೇ ಚಿನ್ನವೆನಿಸುವುದು.