ಡಬ್ಬಿಯ ಮುಚ್ಚಳ ತೆಗೆಯುವ ಮೊದಲು

ತೂಕ ಇಳಿಸಬೇಕೆಂದು ಮನಸ್ಸು ಮಾಡಿದವರು ನಮ್ಮ ಸುತ್ತಮುತ್ತ ಬೇಕಾದಷ್ಟು ಮಂದಿ ಇದ್ದಾರೆ. ಡಾಕ್ಟರು ಹೇಳಿದರೆಂದು ಅನ್ನ ಕಡಿಮೆ ಮಾಡುತ್ತಾರೆ, ಕಾಫಿಗೆ ಸಕ್ಕರೆ ಬಿಡುತ್ತಾರೆ, ಬೆಳಗ್ಗೆ ಎದ್ದು ಪಾರ್ಕಿನಲ್ಲಿ ನಡೆಯುತ್ತಾರೆ. ಇಷ್ಟೆಲ್ಲ ಶಿಸ್ತಿರುವವರಿಗೂ ಯಾವುದೋ ಒಂದು ತಿನಿಸಿನ ಮುಂದೆ ಮಾತ್ರ ಕೈ ನಿಲ್ಲುವುದಿಲ್ಲ. ಒಬ್ಬರಿಗೆ ಅದು ಬೇಕರಿಯ ಕಾಂಗ್ರೆಸ್ ಕಡಲೆಬೀಜ, ಇನ್ನೊಬ್ಬರಿಗೆ ನಿಪ್ಪಟ್ಟು, ಮತ್ತೊಬ್ಬರಿಗೆ ಮೈಸೂರು ಪಾಕು ಅಥವಾ ಆಲೂಗಡ್ಡೆ ಚಿಪ್ಸ್. "ಒಂದೇ ಒಂದು" ಎಂದು ಶುರುವಾದದ್ದು ಪೊಟ್ಟಣ ಖಾಲಿಯಾದ ಮೇಲೆಯೇ ನಿಲ್ಲುತ್ತದೆ. ಆಮೇಲೆ ತನ್ನ ಮೇಲೆ ತನಗೇ ಬೇಸರ. "ನನ್ನ ಕೈಲಿ ಆಗೋದಲ್ಲ ಬಿಡಿ, ನಂಗೆ ಮನೋಬಲವೇ ಇಲ್ಲ" ಎಂಬ ತೀರ್ಮಾನ.

ಆ ತೀರ್ಮಾನ ತಪ್ಪು ಎಂದು ಹೇಳುವುದಕ್ಕಾಗಿಯೇ ಇಂದಿನ ಈ ಮಾತು. ಡಬ್ಬಿ ತೆರೆದು, ಘಮ ಮೂಗಿಗೆ ಬಡಿದ ಮೇಲೆ ಮನಸ್ಸನ್ನು ಹಿಡಿದು ನಿಲ್ಲಿಸುವುದು ಯಾರಿಗಾದರೂ ಕಷ್ಟವೇ. ಅದಕ್ಕಿಂತ ಮುಂಚೆ, ಅಂಗಡಿಯಲ್ಲಿ, ಮಧ್ಯಾಹ್ನದ ತಟ್ಟೆಯಲ್ಲಿ, ರಾತ್ರಿಯ ನಿದ್ದೆಯಲ್ಲಿ ನಾವು ಮಾಡಿಕೊಳ್ಳುವ ಏರ್ಪಾಡಿಗೆ ಹೆಚ್ಚು ಬಲ ಇದೆ. ಏಕೆ ಎಂಬುದನ್ನು ಮೊದಲು ನೋಡೋಣ.

ಕೈ ತಡೆಯದ ತಿನಿಸುಗಳನ್ನೆಲ್ಲ ಒಂದು ಸಾಲಿನಲ್ಲಿಟ್ಟು ನೋಡಿ. ಸೌತೆಕಾಯಿ ತಿನ್ನುತ್ತಾ ನಿಲ್ಲಿಸಲಾಗಲಿಲ್ಲ ಎಂದು ಯಾರೂ ದೂರುವುದಿಲ್ಲ. ಸಾಲಿನಲ್ಲಿ ಕಾಣುವುದು ಎಣ್ಣೆ ಮತ್ತು ಉಪ್ಪು ಸೇರಿದ ಹಿಟ್ಟು, ಇಲ್ಲವೇ ತುಪ್ಪ ಮತ್ತು ಸಕ್ಕರೆ ಸೇರಿದ ಹಿಟ್ಟು. ಚಕ್ಕುಲಿ, ಕೋಡುಬಳೆ, ಖಾರಾ ಮಿಕ್ಸ್ಚರ್ ಮೊದಲನೆಯ ಗುಂಪು. ಕಡಲೆಹಿಟ್ಟು, ಸಕ್ಕರೆ, ತುಪ್ಪ ಮೂರೇ ಸೇರಿ ಆಗುವ ಮೈಸೂರು ಪಾಕು ಎರಡನೆಯದಕ್ಕೆ ಒಳ್ಳೆಯ ಉದಾಹರಣೆ. ಹಣ್ಣಿನಲ್ಲಿ ಸಿಹಿ ಇದೆ, ಜಿಡ್ಡಿಲ್ಲ. ಕಡಲೆಕಾಯಿಯಲ್ಲಿ ಜಿಡ್ಡಿದೆ, ಸಿಹಿ ಅಷ್ಟಾಗಿಲ್ಲ. ಪ್ರಕೃತಿಯಲ್ಲಿ ಬೇರೆ ಬೇರೆಯಾಗಿ ಸಿಗುವುದನ್ನು ಬಾಣಲೆಯಲ್ಲಿ ಒಟ್ಟಿಗೆ ತಂದಾಗ ನಾಲಿಗೆಗೂ ಮೆದುಳಿಗೂ ಆಗುವ ಹಿತ ಬಹಳ ದೊಡ್ಡದು.

ಜೊತೆಗೆ, ಇವು ಒತ್ತೊತ್ತಾಗಿ ಶಕ್ತಿ ತುಂಬಿದ ತಿನಿಸುಗಳು. ಒಂದು ಗ್ರಾಂ ಹಿಟ್ಟಿನ ಅಂಶದಲ್ಲಿ, ಸಕ್ಕರೆಯಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. ಹಾಗಾಗಿ ಕರಿದ ಕುರುಕಲು ತಿಂಡಿ 100 ಗ್ರಾಂ ತಿಂದರೆ ಸುಮಾರು 500 ಕ್ಯಾಲೊರಿ. ಕುಳಿತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಸರಾಸರಿ 1,660 ಕ್ಯಾಲೊರಿ, ಗಂಡಸಿಗೆ 2,110 ಕ್ಯಾಲೊರಿ ಸಾಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿವೆ. ಅಂದರೆ ಟೀವಿ ನೋಡುತ್ತಾ ಖಾಲಿ ಮಾಡಿದ 200 ಗ್ರಾಮಿನ ಒಂದು ಪೊಟ್ಟಣ ಅಂಥ ಹೆಂಗಸಿನ ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 120ರಿಂದ 150 ಕ್ಯಾಲೊರಿ ಮಾತ್ರ. ನಡೆದು ಇದನ್ನು ಕರಗಿಸುತ್ತೇನೆ ಎಂದರೆ ಲೆಕ್ಕ ಕೂಡಿಬರುವುದಿಲ್ಲ.

ಇನ್ನೊಂದು ಕಾರಣ ವೇಗ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು ನಡೆಸಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ತರಕಾರಿ, ಕಾಳು, ಮಾಂಸ ಮುಂತಾದವುಗಳಿಂದ ಆಗಷ್ಟೇ ಮಾಡಿದ ಅಡುಗೆ ಕೊಟ್ಟರು. ಬಡಿಸಿದ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಜಿಡ್ಡು, ಉಪ್ಪು, ನಾರು ಎರಡೂ ಕಡೆ ಸರಿಸಮವಾಗಿರುವಂತೆ ನೋಡಿಕೊಂಡು, ಬೇಕಾದಷ್ಟು ತಿನ್ನಿ ಎಂದು ಬಿಟ್ಟರು. ಕಾರ್ಖಾನೆಯ ಆಹಾರ ಇದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿತು. ಮನೆಯಡುಗೆಯಂಥ ಊಟದಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕ ಇಳಿಯಿತು. ಕಾರ್ಖಾನೆಯ ಆಹಾರವನ್ನು ಅವರು ಬೇಗ ಬೇಗ ತಿಂದಿದ್ದರು. ನಮ್ಮ ಮನೆಯ ಚಕ್ಕುಲಿಯನ್ನು ಕಾರ್ಖಾನೆಯ ಗುಂಪಿಗೆ ಸೇರಿಸಲಾಗದು. ಆದರೆ ಕರುಂ ಕುರುಂ ಎಂದು ಕ್ಷಣದಲ್ಲಿ ಮುಗಿಯುವ ಗುಣ ಅದಕ್ಕೂ ಇದೆ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಡಬ್ಬಿಯ ತಳ ಕಂಡಿರುತ್ತದೆ.

ತಿನಿಸಿನಷ್ಟೇ ಮುಖ್ಯವಾದದ್ದು ಅದು ನೆನಪಾಗುವ ಹೊತ್ತು ಮತ್ತು ಜಾಗ. ರಷ್ಯದ ವಿಜ್ಞಾನಿ ಇವಾನ್ ಪಾವ್ಲೋವ್ ಅವರ ಹೆಸರು ನೀವು ಕೇಳಿರುತ್ತೀರಿ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದವರು. ಆಹಾರ ಕೊಡುವ ಮುನ್ನ ಪ್ರತಿಸಲವೂ ಒಂದು ಸದ್ದು ಮಾಡಿದರೆ, ಕೆಲವು ದಿನಗಳಲ್ಲಿ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ಅವರು ತೋರಿಸಿದರು. ಸಂಜೆ ಐದಕ್ಕೆ ಕಾಫಿಯ ಜೊತೆ ದಿನವೂ ಖಾರಾ ಸೇವೆ ಬಾಯಿಗೆ ಬೀಳುತ್ತಿದ್ದರೆ, ಫಿಲ್ಟರಿನಿಂದ ಡಿಕಾಕ್ಷನ್ನಿನ ಪರಿಮಳ ಬಂದೊಡನೆ ಕೈ ಡಬ್ಬಿಯ ಕಡೆಗೆ ಹೋಗುತ್ತದೆ. ಧಾರಾವಾಹಿಯ ಸಂಗೀತ, ಬಸ್ ಸ್ಟಾಪಿನ ಪಕ್ಕದ ಬೇಕರಿ, ಮಕ್ಕಳು ಮಲಗಿದ ಮೇಲೆ ಸಿಗುವ ನಿಶ್ಚಿಂತೆಯ ಅರ್ಧ ಗಂಟೆ, ಅತ್ತೆಯ ಜೊತೆ ಆದ ಮನಸ್ತಾಪ, ಇವೆಲ್ಲವೂ ಇಂಥ ಸೂಚನೆಗಳಾಗಬಲ್ಲವು. ಹೊಟ್ಟೆ ಹಸಿದಿರಬೇಕೆಂದೇನೂ ಇಲ್ಲ.

ಬೇಕೆನಿಸುವುದು ಬೇರೆ, ತಿಂದಾಗ ಹಿತವಾಗುವುದು ಬೇರೆ ಎಂಬುದನ್ನು ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ತೋರಿಸಿಕೊಟ್ಟರು. ಡೋಪಮೈನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಇಲ್ಲದಂತೆ ಮಾಡಿದ ಇಲಿಗಳು, ಸಕ್ಕರೆ ನೀರನ್ನು ಬಾಯಿಗೆ ಹಾಕಿದರೆ ಎಂದಿನಂತೆ ಚಪ್ಪರಿಸುತ್ತಿದ್ದವು. ಆದರೆ ಎದುರಿಗೆ ಆಹಾರವಿದ್ದರೂ ಹೋಗಿ ತಿನ್ನುತ್ತಿರಲಿಲ್ಲ. ರುಚಿಯ ಸುಖ ಉಳಿದಿತ್ತು, ಬೇಕೆಂಬ ತುಡಿತ ಹೋಗಿತ್ತು. ನಮ್ಮಲ್ಲಿ ಆಗುವುದು ಇದರ ತಿರುವುಮುರುವು. ಮೊದಲ ನಾಲ್ಕು ತುತ್ತಿನ ರುಚಿ ಮುಗಿದು ಎಷ್ಟೋ ಹೊತ್ತಾದರೂ ತುಡಿತ ಉಳಿದಿರುತ್ತದೆ, ಕೈ ತನ್ನ ಪಾಡಿಗೆ ಹೋಗಿಬರುತ್ತಿರುತ್ತದೆ.

ನಿದ್ದೆಗೆಟ್ಟರೆ ಈ ತುಡಿತ ಇನ್ನೂ ಜೋರು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಸಾಕು ಎನ್ನುವ ಲೆಪ್ಟಿನ್ ಹಾರ್ಮೋನು ಶೇಕಡಾ 18 ಇಳಿದಿತ್ತು, ಹಸಿವು ಹೆಚ್ಚಿಸುವ ಗ್ರೆಲಿನ್ ಶೇಕಡಾ 28 ಏರಿತ್ತು. ಸಿಹಿ, ಉಪ್ಪಿನ ಕುರುಕಲು, ಹಿಟ್ಟಿನ ಪದಾರ್ಥಗಳ ಮೇಲೆ ಆಸೆ ಹೆಚ್ಚಾಗಿತ್ತು. ರಾತ್ರಿ ಪಾಳಿಯವರು, ಎಳೆಗೂಸಿನ ತಾಯಂದಿರು, ಪರೀಕ್ಷೆಗೆ ಓದುವ ಮಕ್ಕಳು ಇದನ್ನು ನೆನಪಿನಲ್ಲಿಟ್ಟುಕೊಂಡರೆ ತಮ್ಮನ್ನು ತಾವು ಬೈದುಕೊಳ್ಳುವುದು ಕಡಿಮೆಯಾಗುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು ಗಮನಿಸುವುದು. ಒಂದು ವಾರ, ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಯಾವ ತಿನಿಸು, ಎಷ್ಟು ಹೊತ್ತಿಗೆ, ಎಲ್ಲಿ ಕುಳಿತು, ಅದಕ್ಕೆ ಮುಂಚೆ ಏನಾಗಿತ್ತು, ಕೊನೆಯ ಊಟ ಆಗಿ ಎಷ್ಟು ಹೊತ್ತಾಗಿತ್ತು. ಈ ವಾರ ಬಿಡುವ ಪ್ರಯತ್ನ ಬೇಡ, ಬರೆದರೆ ಸಾಕು. ಬಹುಮಂದಿಗೆ ತಮ್ಮ ತೊಂದರೆ ಒಂದೆರಡು ತಿನಿಸುಗಳಲ್ಲಿ, ದಿನದ ಒಂದೋ ಎರಡೋ ಹೊತ್ತಿನಲ್ಲಿ ಇದೆ ಎಂದು ಕಾಣುತ್ತದೆ. ಇಡೀ ದಿನದ ಮೇಲೆ ಕಾವಲು ಕೂರಬೇಕಾಗಿಲ್ಲ ಎಂದು ತಿಳಿಯುವುದೇ ದೊಡ್ಡ ಸಮಾಧಾನ.

ಎರಡನೆಯದು, ಆ ಹೊತ್ತಿಗೆ ಮೊದಲೇ ಹೊಟ್ಟೆಗೆ ಆಸರೆ ಕೊಡುವುದು. ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಎರಡು ತುತ್ತು ತಿಂದು, ಸಂಜೆ ಐದಕ್ಕೆ ನಿಪ್ಪಟ್ಟಿನ ಎದುರು ಸಂಯಮ ಕೇಳಿದರೆ ದೇಹ ಒಪ್ಪುವುದಿಲ್ಲ. ಮಧ್ಯಾಹ್ನದ ತಟ್ಟೆಯಲ್ಲಿ ಅನ್ನ ಕಡಿಮೆಯಾದರೂ ಹುಳಿಯಲ್ಲಿ ಬೇಳೆ, ಪಲ್ಯ, ಮೊಸರು ಧಾರಾಳವಾಗಿರಲಿ. ಸಂಜೆ ನಾಲ್ಕೂವರೆಗೆ ಒಂದು ಬಟ್ಟಲು ಕಡಲೆಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ, ಬೇಯಿಸಿದ ಮೊಟ್ಟೆ, ಇಲ್ಲವೇ ಒಂದು ಸೀಬೆಹಣ್ಣು ಮತ್ತು ಮಜ್ಜಿಗೆ. ನಾರು ಮತ್ತು ಪ್ರೋಟೀನ್ ಇರುವ ಇಂಥವು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ.

ಮೂರನೆಯದು, ಮನೆಯೊಳಗೆ ಎಷ್ಟು ಬರುತ್ತದೆ, ಎಲ್ಲಿ ಕೂರುತ್ತದೆ ಎಂಬುದು. ಕೈ ತಡೆಯದ ತಿನಿಸನ್ನು ಕೆಜಿಗಟ್ಟಲೆ ತಂದು, ಗಾಜಿನ ಜಾಡಿಯಲ್ಲಿ ಊಟದ ಮೇಜಿನ ಮೇಲಿಟ್ಟು, ಮುಟ್ಟಬಾರದೆಂದು ಶಪಥ ಮಾಡುವುದು ನಮಗೆ ನಾವೇ ಕೊಟ್ಟುಕೊಳ್ಳುವ ಹಿಂಸೆ. ಸಣ್ಣ ಪೊಟ್ಟಣ ತನ್ನಿ. ಮನೆಯವರಿಗೆ ಬೇಕೇ ಬೇಕಾದರೆ ಒಳಗೇನಿದೆ ಎಂದು ಕಾಣದ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಮೇಲಿನ ಅಟ್ಟದಲ್ಲಿಡಿ. ಹಸಿದ ಹೊಟ್ಟೆಯಲ್ಲಿ ದಿನಸಿಗೆ ಹೋಗಬೇಡಿ. ಬೇಕರಿಯ ಮುಂದೆ ಹಾದುಹೋಗುವ ದಾರಿಯ ಬದಲು ಇನ್ನೊಂದು ಬೀದಿ ಇದ್ದರೆ ಅದನ್ನೇ ಹಿಡಿಯಿರಿ.

ನಾಲ್ಕನೆಯದು, ಆಸೆ ಎದ್ದಾಗ ಏನು ಮಾಡಬೇಕೆಂಬುದು. ಕುಡಿತದಿಂದ ಹೊರಬರುವವರ ಜೊತೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್, ತುಡಿತವನ್ನು ಸಮುದ್ರದ ಅಲೆಯಂತೆ ಕಾಣಲು ಕಲಿಸಿದರು. ಅಲೆ ಏಳುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಈಗ ನನಗೆ ಆಸೆಯಾಗಿದೆ ಎಂದು ಒಪ್ಪಿಕೊಂಡು ಇಪ್ಪತ್ತು ನಿಮಿಷ ಬೇರೆ ಕೆಲಸಕ್ಕೆ ಕೈ ಹಾಕಿ. ಗಿಡಕ್ಕೆ ನೀರು, ಒಗೆದ ಬಟ್ಟೆ ಮಡಚುವುದು, ತಂಗಿಗೊಂದು ಫೋನು. ಆಮೇಲೂ ಬೇಕೆನಿಸಿದರೆ ಚಿಕ್ಕ ಬಟ್ಟಲಿಗೆ ಒಂದು ಹಿಡಿ ಹಾಕಿ, ಡಬ್ಬಿಯನ್ನು ಮುಚ್ಚಿ ಒಳಗಿಟ್ಟು, ಟೀವಿ ಮೊಬೈಲು ಬಿಟ್ಟು, ಕೂತು, ರುಚಿ ನೋಡುತ್ತಾ ತಿನ್ನಿ.

ಇಲ್ಲೊಂದು ಪ್ರಶ್ನೆ ಬರುತ್ತದೆ. ಸ್ವಲ್ಪ ತಿನ್ನುವುದೋ, ಪೂರ್ತಿ ಬಿಡುವುದೋ? ಎಲ್ಲರಿಗೂ ಒಂದೇ ಉತ್ತರ ಇಲ್ಲ. ಕೆಲವರಿಗೆ ಶನಿವಾರ ಒಂದು ತುಂಡು ಎಂಬ ನಿಯಮವಿದ್ದರೆ ವಾರವಿಡೀ ನೆಮ್ಮದಿ. ಇನ್ನು ಕೆಲವರಿಗೆ ಮೊದಲ ತುಂಡೇ ಕಷ್ಟದ ಬಾಗಿಲು, ಅಂಥವರು ಆ ಒಂದು ತಿನಿಸನ್ನು ಕೆಲವು ತಿಂಗಳು ಮನೆಗೆ ತರದಿರುವುದೇ ಸುಲಭ. ನಿಮ್ಮ ಒಂದು ವಾರದ ಬರಹವೇ ನೀವು ಯಾವ ಬಗೆ ಎಂದು ಹೇಳುತ್ತದೆ. ಆದರೆ ಇಷ್ಟವಾದ ಎಲ್ಲವನ್ನೂ ಒಂದೇ ದಿನ ನಿಷೇಧಿಸಬೇಡಿ.

ಏಕೆಂದರೆ ಕಟ್ಟುನಿಟ್ಟು ಮುರಿದಾಗ ಆಗುವ ಹಾನಿ ದೊಡ್ಡದು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಿ ಎಂದು ಕೊಟ್ಟರು. ಪಥ್ಯದ ಚಿಂತೆ ಇಲ್ಲದವರು, ಹೊಟ್ಟೆ ತುಂಬಿದ್ದರಿಂದ, ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಬಾಯಿ ಕಟ್ಟುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಹೆಚ್ಚು ತಿಂದರು. ಹೇಗೂ ಇವತ್ತಿನ ನಿಯಮ ಕೆಟ್ಟಿತಲ್ಲ, ಇನ್ನೇನು ಎಂಬ ಭಾವ ಅದು. ಎರಡು ಮೈಸೂರು ಪಾಕು ಹೆಚ್ಚಾಗಿ ತಿಂದದ್ದರಿಂದ ವಾರದ ಶ್ರಮ ಹಾಳಾಗುವುದಿಲ್ಲ. ಅದಕ್ಕಾಗಿ ರಾತ್ರಿ ಉಪವಾಸ ಬೇಡ, ಮುಂದಿನ ಊಟ ಎಂದಿನಂತೆ ಮಾಡಿ.

ಹಬ್ಬ, ಮದುವೆಗಳ ಬಗ್ಗೆಯೂ ಒಂದು ಮಾತು. ಗೋಕುಲಾಷ್ಟಮಿಗೆ ಚಕ್ಕುಲಿ, ಯುಗಾದಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಇರಲೇಬೇಕು, ಇರಲಿ. ಹಬ್ಬದ ದಿನ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ತಿಂದ ಹೋಳಿಗೆ ಸಮಸ್ಯೆಯಲ್ಲ. ಹಬ್ಬ ಮುಗಿದ ಮೇಲೆ ಹದಿನೈದು ದಿನ ಅಡುಗೆಮನೆಯಲ್ಲಿ ಉಳಿಯುವ ಡಬ್ಬಿ ಸಮಸ್ಯೆ. ಮರುದಿನವೇ ನೆಂಟರಿಗೆ, ನೆರೆಯವರಿಗೆ, ಕೆಲಸಕ್ಕೆ ಬರುವವರಿಗೆ ಹಂಚಿಬಿಡಿ.

ಬಡಿಸುವವರಲ್ಲೂ ನನ್ನದೊಂದು ಬಿನ್ನಹ. ಒತ್ತಾಯ ಮಾಡಿ ಬಡಿಸುವುದು ನಮ್ಮಲ್ಲಿ ಪ್ರೀತಿಯ ರೂಪ. ಆದರೆ ಒಬ್ಬರು "ಸಾಕಮ್ಮ, ತುಂಬ ಚೆನ್ನಾಗಿತ್ತು" ಎಂದು ಕೈ ಅಡ್ಡ ಹಿಡಿದಾಗ ಅವರ ಮಾತನ್ನು ನಂಬಿ. "ಒಂದು ತಿಂದರೆ ಏನೂ ಆಗಲ್ಲ" ಎಂದು ಇನ್ನೊಂದು ಹಾಕಬೇಡಿ. ಹಾಗೆಯೇ, ದಪ್ಪ ಇರುವವರು ಒಂದು ಚಕ್ಕುಲಿ ಕೈಗೆತ್ತಿಕೊಂಡಾಗ ನಾಲ್ಕು ಜನರೆದುರು ಹಾಸ್ಯ ಮಾಡಬೇಡಿ. ಅವಮಾನವಾದವರು ಎಲ್ಲರೆದುರು ತಿನ್ನುವುದನ್ನು ಬಿಟ್ಟು ಬಚ್ಚಿಟ್ಟುಕೊಂಡು ತಿನ್ನಲು ತೊಡಗುತ್ತಾರೆ. ಅಲ್ಲಿಂದ ಹಿಂದಕ್ಕೆ ಬರುವ ದಾರಿ ಇನ್ನೂ ಕಷ್ಟದ್ದು.

ಕೊನೆಗೆ ಎರಡು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡುವುದು, ಊಟದ ಹೊತ್ತು ಬದಲಿಸುವುದು ಅಪಾಯ. ಎರಡನೆಯದು, ವಾರಕ್ಕೊಮ್ಮೆಯಾದರೂ, ತಿಂಗಳುಗಟ್ಟಲೆ, ಹಿಡಿತ ಪೂರ್ತಿ ತಪ್ಪಿ ಅತಿಯಾಗಿ ತಿನ್ನುವುದು, ನಾಚಿಕೆಯಿಂದ ಒಬ್ಬರೇ ಕೂತು ತಿನ್ನುವುದು, ಆಮೇಲೆ ತುಂಬ ನೊಂದುಕೊಳ್ಳುವುದು ನಡೆಯುತ್ತಿದ್ದರೆ ಅದು ಬಾಯಿಚಪಲದ ಮಾತಲ್ಲ, ಚಿಕಿತ್ಸೆ ಇರುವ ಕಾಯಿಲೆ. ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ಇಷ್ಟೆಲ್ಲವನ್ನೂ ನಾಳೆಯೇ ಶುರು ಮಾಡಬೇಕಾಗಿಲ್ಲ. ನಿಮ್ಮನ್ನು ಹೆಚ್ಚು ಕಾಡುವ ಒಂದು ತಿನಿಸನ್ನು, ಅದು ಕಾಡುವ ಒಂದು ಹೊತ್ತನ್ನು ಆರಿಸಿಕೊಳ್ಳಿ. ಆ ಹೊತ್ತಿಗೆ ಅರ್ಧ ಗಂಟೆ ಮುಂಚೆ ಹೊಟ್ಟೆಗೇನು ಬೀಳಬೇಕೆಂದು ಈಗಲೇ ಗೊತ್ತುಮಾಡಿ, ಕಾಳು ನೆನೆಹಾಕಿ ಮಲಗಿ. ಒಂದು ತಿಂಗಳು ಇದೊಂದನ್ನೇ ನಡೆಸಿ, ಆಮೇಲೆ ಎರಡನೆಯದಕ್ಕೆ ಕೈ ಹಾಕಿ. ಇಳಿದ ಕಿಲೋಗಳಿಗಿಂತ ಮೊದಲು, ನಿಮ್ಮ ಬಗ್ಗೆ ನಿಮಗಿದ್ದ ಕೆಟ್ಟ ಅಭಿಪ್ರಾಯ ಇಳಿಯುತ್ತದೆ. ಉಳಿದ ಕೆಲಸಕ್ಕೆ ಬಲ ಬರುವುದು ಅಲ್ಲಿಂದಲೇ.