ಕಳ್ಳ ಅಚ್ಚಿನ ಪ್ಲೇಟು



ಸಾರಕ್ಕಿ ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಹಳ್ಳಿ, ಇಂದು ಜೆ.ಪಿ. ನಗರದೊಡನೆ ಬೆರೆತುಹೋದ ಬಡಾವಣೆ. ಇಲ್ಲಿಯೂ ಪಕ್ಕದ ಜಯನಗರದಲ್ಲಿಯೂ ಹಳೆಯ ಮನೆಗಳನ್ನು ಕೆಡವಿ ಮಹಡಿ ಕಟ್ಟಡಗಳನ್ನು ಎಬ್ಬಿಸುತ್ತಿದ್ದಾರೆ. ಆಗ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಹಿತ್ತಾಳೆಯ ಹಂಡೆಯನ್ನು ಉಳಿಸಿಕೊಳ್ಳುವವರುಂಟು. ಗ್ರಾಮಫೋನ್ ಪ್ಲೇಟನ್ನು ಉಳಿಸಿಕೊಳ್ಳುವವರು ವಿರಳ. ತೂಕದ ಲೆಕ್ಕದಲ್ಲಿ ಗುಜರಿಗೆ ಬಿದ್ದ ಅದು ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ಮತ್ತೆ ಕಾಣಿಸಿಕೊಂಡಾಗ ಅದಕ್ಕೊಂದು ಬೆಲೆ, ಒಂದು ವಂಶಾವಳಿ ಅಂಟಿಕೊಂಡಿರುತ್ತದೆ. ಆ ವಂಶಾವಳಿ ದಿಟವೇ ಎಂಬುದು ಈ ಹೊತ್ತಿನ ವಿಚಾರ.

ಕಂಪನಿಯೇ ಹತ್ತು ವರ್ಷದ ಮೇಲೆ ಅದೇ ಹಾಡನ್ನು ಬೇರೆ ಬಣ್ಣದ ಲೇಬಲ್ಲಿನೊಡನೆ ಮತ್ತೆ ಅಚ್ಚೊತ್ತಿದರೆ ಅದು ಮರುಮುದ್ರಣವೇ ಹೊರತು ನಕಲಿಯಲ್ಲ. ಕಳ್ಳ ಅಚ್ಚಿನವನ ಬಳಿ ಸಾಮಾನ್ಯವಾಗಿ ಮೂಲ ಟೇಪು ಇರುವುದಿಲ್ಲ. ಅಂಗಡಿಯಲ್ಲಿ ಕೊಂಡ ಪ್ಲೇಟನ್ನು ನುಡಿಸಿ, ಆ ಧ್ವನಿಯಿಂದಲೇ ಹೊಸ ಅಚ್ಚು ಕೊರೆಸುತ್ತಾನೆ. ಅವನು ಸಿಕ್ಕಿಬೀಳುವುದೂ ಅಲ್ಲಿಯೇ. ಮೊದಲ ಪ್ಲೇಟಿನ ಗೀರು, ಧೂಳು, ಸವಕಲು ಎಲ್ಲದರ ಸದ್ದೂ ಹಾಡಿನೊಡನೆ ಹೊಸದರೊಳಕ್ಕೆ ಇಳಿಯುತ್ತದೆ. ಟಿಕ್ಕೆಂದು ಸದ್ದು ಬಂದೆಡೆ ಮುಳ್ಳನ್ನೆತ್ತಿ, ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೀರಿನ ಸದ್ದುಂಟು, ಗೀರಿಲ್ಲ ಎಂದಾದರೆ ಸಂದೇಹಕ್ಕೆ ಎಡೆಯುಂಟು. ಸಂದೇಹ ಮಾತ್ರ, ತೀರ್ಪಲ್ಲ. ಅರಗಿನಿಂದ ಮಾಡುತ್ತಿದ್ದ 78 ಸುತ್ತಿನ ಪ್ಲೇಟುಗಳಿಂದ ಕಂಪನಿಗಳೇ ಆರಿಸಿ ಹೊರತಂದ ಲಾಂಗ್‌ಪ್ಲೇಗಳಲ್ಲಿಯೂ ಆ ಹಳೆಯ ಸರಸರ ಕೇಳಿಬರುತ್ತದೆ.

ಇನ್ನೊಂದು ಸಾಕ್ಷಿ, ಹಾಡಿನ ಗೆರೆಗಳು ಮುಗಿದು ಲೇಬಲ್ ಮೊದಲಾಗುವ ನಡುವಿನ ನುಣುಪಾದ ಪಟ್ಟಿ. ಅಚ್ಚಿನ ಸಂಖ್ಯೆ ಇರುವುದು ಅಲ್ಲಿ. ಅದು ಇಲ್ಲದಿದ್ದರೆ, ಅಥವಾ ಅದೇ ಕಂಪನಿಯ ಬೇರೆ ಪ್ಲೇಟುಗಳ ಸಂಖ್ಯೆಯ ಧಾಟಿಗೆ ಹೊಂದದಿದ್ದರೆ, ಕೈ ಹಿಂದೆಗೆಯುವುದು ಲೇಸು. ಹೊದಿಕೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ: ಚಿತ್ರದ ಚಿತ್ರ ತೆಗೆದಾಗ ಮುಖ ಕಪ್ಪಿಡುತ್ತದೆ, ಸಣ್ಣಕ್ಷರ ಊದಿಕೊಳ್ಳುತ್ತದೆ.

ನಮ್ಮಲ್ಲಿ ಈ ಕಳ್ಳತನ ವಿಪುಲವಾಗಿ ನಡೆದದ್ದು ಕ್ಯಾಸೆಟ್ಟಿನ ಕಾಲದಲ್ಲಿ ಎಂಬುದನ್ನು ಒಪ್ಪಬೇಕು. ಕ್ಯಾಸೆಟ್ಟಿಗೆ ಒಂದು ಕೋಣೆ ಸಾಕು. ಪ್ಲೇಟು ಒತ್ತಲು ಕಾರ್ಖಾನೆಯೇ ಬೇಕು.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಧ್ವನಿಮುದ್ರಣಕ್ಕೆ ಹಾಡಿದರು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ಪ್ಲೇಟು ಒತ್ತುವವರಿಗೆ ಗುರುತು ತಪ್ಪದಿರಲೆಂದು ಈ ಏರ್ಪಾಡು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಧ್ವನಿಯ ಆ ಸಹಿಯನ್ನೂ ನಕಲಿ ಪ್ಲೇಟು ಹಾಗೆಯೇ ಹೊತ್ತು ತರುತ್ತದೆ. ತರದಿರುವುದು ಸಂಖ್ಯೆಯನ್ನು. ಯಾವ ವರ್ಷ, ಯಾವ ಊರು, ಯಾವ ಹಾಡಿನ ಬೆನ್ನಿಗೆ ಯಾವುದು ಎಂದು ಸಂಗೀತದ ಇತಿಹಾಸ ಬರೆಯುವವರು ಹುಡುಕುವುದು ಆ ಸಂಖ್ಯೆಗಳ ಜಾಡು ಹಿಡಿದು. ಅದು ಅಳಿದರೆ ಕಂಠ ಉಳಿದೂ ಅನಾಥ.

ಕಾನೂನಿನ ಮಾತು ಬೇರೆಯಿದೆ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಬಳಿಕ 60 ವರ್ಷ. ಗೌಹರ್ ಜಾನರ ಪ್ಲೇಟಿನ ಪ್ರತಿ ತೆಗೆದವನನ್ನು ಈಗ ಕಳ್ಳನೆನ್ನುವಂತಿಲ್ಲ. ಅವನಿಂದ ನಾಲ್ಕು ಜನ ಆ ಕಂಠವನ್ನು ಕೇಳುವಂತಾದರೆ ಸಂತೋಷವೇ. ಆ ಪ್ರತಿಗೆ ಕೊಳವೆಯ ಮುಂದೆ ಕುಳಿತ ನಾಯಿಯ ಹಳೆಯ ಲೇಬಲ್ ಅಂಟಿಸಿ, ಅಸಲಿನ ಬೆಲೆ ಕೇಳಿದಾಗ ಮಾತ್ರ ಪ್ಲೇಟನ್ನು ಕಿಟಕಿಯ ಬಳಿಗೆ ಒಯ್ಯಬೇಕಾಗುತ್ತದೆ.