ಮಬ್ಬು ಅಂದ್ರೆ ಮಳೆ ಅಲ್ಲ

ಹೈದರಾಬಾದಿಗೆ ಬಂದ ಹೊಸದರಲ್ಲಿ ಆಫೀಸಿನ ತೆಲುಗು ಗೆಳೆಯನೊಬ್ಬ 'ಮಬ್ಬು ಪಟ್ಟಿಂದಿ' ಅಂದ. ಪಾಪ, ನಿದ್ದೆ ಬರ್ತಿರಬೇಕು ಅಂತ ನಾನು ಕಾಫಿಗೆ ಕರೆದೆ. ಅವನು ಕಿಟಕಿ ಕಡೆ ಕೈ ತೋರಿಸಿದ. ತೆಲುಗಿನಲ್ಲಿ ಮಬ್ಬು ಅಂದ್ರೆ ಮೋಡ! ಆಮೇಲೆ ಚೆನ್ನೈ ಟೀಮಿನವರಿಂದ ಇನ್ನೊಂದು ತಿಳೀತು. ತಮಿಳಿನ 'ಮಪ್ಪು' ಮೋಡ ಕವಿದ ಆಕಾಶಕ್ಕೂ ಆಗುತ್ತೆ, ಕುಡಿದ ಅಮಲಿಗೂ ಆಗುತ್ತೆ. ಶುಕ್ರವಾರ ಸಂಜೆ ಯಾವ ಅರ್ಥ ಅಂತ ಕೇಳಬೇಕಿಲ್ಲ.

ನಮ್ಮ ಹಳಗನ್ನಡದಲ್ಲಿ ಇದು 'ಮರ್ಬು', ಅಂದರೆ ಕತ್ತಲೆ, ಮಸುಕು. 'ಇರ್ಬರ್' ಹೋಗಿ 'ಇಬ್ಬರು' ಆದ ಹಾಗೆ ಮರ್ಬು ಮಬ್ಬಾಯ್ತು. ಹಾಗಾಗಿ ಕನ್ನಡದ ಮಬ್ಬು ಮೋಡದ ಹೆಸರಲ್ಲ, ಬೆಳಕು ಕುಂದಿದ ಸ್ಥಿತಿಯ ಹೆಸರು. ನಸುಕಿನ ಮಬ್ಬುಗತ್ತಲಿಗೆ ಒಂದು ಮೋಡವೂ ಬೇಕಿಲ್ಲ. ವಯಸ್ಸಾದವರ ಕಣ್ಣು ಮಬ್ಬಾಗುತ್ತೆ. 'ಮೋಡ ಆಗಿದೆ' ಅಂದಾಗ ಮಳೆ ಬರಬಹುದು ಅನ್ನೋ ನಿರೀಕ್ಷೆ ಇರುತ್ತೆ. 'ಮಬ್ಬು ಕವಿದಿದೆ' ಅಂದ್ರೆ ಬಿಸಿಲಿಲ್ಲ, ಅಷ್ಟೇ.

ಈ ವ್ಯತ್ಯಾಸ ನಾನು ಕಲಿತದ್ದು ನಿಘಂಟಿನಿಂದಲ್ಲ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಒಂದು ನವೆಂಬರಲ್ಲಿ ಅಮ್ಮ ಫೋನ್ ಮಾಡಿ, "ಅಡಿಕೆ ಬೇಯ್ಸಿ ಹರವಿದೀವಿ ಮಾರಾಯ, ಎರಡು ದಿನದಿಂದ ಮಬ್ಬು. ಡ್ರೈಯರ್ ಇರೋರ ಮನೆಗೆ ಕಳಿಸೋದಾ?" ಅಂದ್ಲು. ನಾನು ಆ್ಯಪ್ ತೆಗೆದೆ. ಮೋಡದ ಚಿತ್ರ, ಪಕ್ಕದಲ್ಲಿ ಮಳೆ ಸಾಧ್ಯತೆ 10 ಪರ್ಸೆಂಟ್. "ಮಳೆ ಬರಲ್ಲಮ್ಮ, ತಲೆ ಕೆಡಿಸ್ಕೋಬೇಡ" ಅಂದೆ. ಎಂ.ಟೆಕ್ ಓದಿದ ಮಗ ಹೇಳಿದ ಮೇಲೆ ಇನ್ನೇನು, ಅಡಿಕೆ ಅಂಗಳದಲ್ಲೇ ಉಳೀತು.

ಮಳೆ ಬರಲಿಲ್ಲ. ಬಿಸಿಲೂ ಬರಲಿಲ್ಲ. ವಾರ ಕಳೆಯೋದ್ರೊಳಗೆ ಅಡಿಕೆ ಮೇಲೆ ಬೂಷ್ಟು ಹಿಡೀತು, ಅಷ್ಟೂ ಮಾಲು ಕಡಿಮೆ ರೇಟಿಗೆ ಹೋಯ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಹವಾಮಾನದವರು ಆಕಾಶವನ್ನ ಎಂಟು ಪಾಲು ಮಾಡಿ, ಎಷ್ಟು ಪಾಲನ್ನ ಮೋಡ ಮುಚ್ಚಿದೆ ಅಂತ ಲೆಕ್ಕ ಹಾಕ್ತಾರೆ. ಆ ಅಳತೆಗೆ ಆಕ್ಟಾ ಅಂತಾರೆ, 8 ಅಂದ್ರೆ ಪೂರ್ತಿ ಮುಚ್ಚಿದೆ. ನನ್ನ ಆ್ಯಪಿನ ಆ ಮೋಡದ ಚಿತ್ರದಲ್ಲೇ ಅಮ್ಮನ ಪ್ರಶ್ನೆಗೆ ಉತ್ತರ ಇತ್ತು. ನಾನು ಓದಿದ್ದು ಮಾತ್ರ ಪಕ್ಕದ ಪರ್ಸೆಂಟನ್ನ.

ಈಗ ಅಮ್ಮ ಮಬ್ಬು ಅಂದ್ರೆ ಮೊದಲು, "ಅಂಗಳದಲ್ಲಿ ನೆರಳು ಬೀಳ್ತಿದ್ಯಾ?" ಅಂತ ಕೇಳ್ತೀನಿ. ಇಲ್ಲ ಅಂದ್ರೆ ಡ್ರೈಯರಿನವರಿಗೆ ನಾನೇ ಫೋನ್ ಮಾಡ್ತೀನಿ.